ಹನ್ನೊಂದು ಮಂದಿಯ ಸೋಲು

ಇಡೀ ವರ್ಷ ಒಂದು ಆಟವನ್ನೂ ಗೆಲ್ಲದ ತಂಡಕ್ಕೆ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದೀರಾ ನೀವು? ಇಲ್ಲ ತಾನೆ? ಹಾಗಾದರೆ ಸುಮ್ಮನೆ ಓದಿ. ಒಂದೇ ಬೆರಳಲ್ಲಿ ಫೋನು ಕುಟ್ಟಿ ಬರೆಯುತ್ತಿದ್ದೇನೆ, ನಡುವೆ ಬಾಯಿ ಹಾಕಬೇಡಿ.

ನನ್ನ ಮೊಮ್ಮಗಳು ಸಾಗರದಲ್ಲಿ ಓದುತ್ತಾಳೆ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ಕಳೆದ ವರ್ಷ ಈ ತಂಡ ರಿಪ್ಪನ್‌ಪೇಟೆಯಲ್ಲಿ ಸೋತಿತು, ಹೊಸನಗರದಲ್ಲಿ ಸೋತಿತು, ಸ್ವಂತ ಮೈದಾನದಲ್ಲೂ ನಾಚಿಕೆಯಿಲ್ಲದೆ ಸೋತಿತು. ಹೊಸನಗರದಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಕೂಗಿದ: "ಗೋಲಿಗೆ ಬಾಗ್ಲು ಹಾಕೋದು ಮರ್ತ್ರೇನ್ರೇ?"

"ನೀನೇ ಹೋಗಿ ಬಾಗ್ಲಾಗಿ ನಿಲ್ಲು ತಮ್ಮಾ," ಅಂದೆ. "ಚೆಂಡು ಮೂಗಿಗೆ ಬಿದ್ದಾಗ ಗೊತ್ತಾಗತ್ತೆ."

ಅವನು ಎದ್ದು ಬೇರೆ ಕಡೆ ಹೋಗಿ ಕೂತ.

ಸೋಲಿಗೆ ನಮ್ಮ ಹುಡುಗಿ ಹೆದರಿದವಳಲ್ಲ. ಅವಳ ಮುಖ ಸಪ್ಪಗಾಗಿದ್ದು ಕೊನೆಯ ಆಟಕ್ಕೆ ಮುಂಚೆ. ಆಟ ಕಲಿಸುವ ಮಾಸ್ತರು ಹೇಳಿದ್ದರಂತೆ: "ಭಾನುವಾರ ತೀರ್ಥಹಳ್ಳಿ ಬಸ್ಸಿಗೆ ಹನ್ನೊಂದು ಜನ ಹತ್ತಿದ್ರೆ ತಂಡ ಇರತ್ತೆ. ಇಲ್ದಿದ್ರೆ ಮುಂದಿನ ವರ್ಷ ನಿಮ್ಮ ಅಂಗಿ ಕಬಡ್ಡಿಯೋರಿಗೆ."

ಬರುತ್ತೇನೆಂದವರು ಎಂಟೇ ಜನ. ಉಳಿದ ಮೂವರಿಗೆ ಅಂದು ಆನಂದಪುರದ ಹತ್ತಿರ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಮುಯ್ಯಿ. ನಮ್ಮ ಕಡೆ ಸುಗ್ಗಿಯಲ್ಲಿ ಇಂದು ನಿಮ್ಮ ಮನೆಯವರು ನಮ್ಮಲ್ಲಿಗೆ ಬಂದು ಸುಲಿದರೆ, ನಾಳೆ ನಾವು ನಿಮ್ಮಲ್ಲಿಗೆ ಹೋಗಿ ಸುಲಿಯಬೇಕು. ಅದೇ ಮುಯ್ಯಿ. ತಪ್ಪಿಸುವ ಹಾಗಿಲ್ಲ.

"ಜ್ವರ ಅಂತ ಹೇಳ್ಲಿ," ಅಂದೆ ನಾನು.

"ಮೂರೂ ಜನಕ್ಕೂ ಒಂದೇ ದಿನ ಜ್ವರಾನಾ? ಮುಯ್ಯಿ ತಪ್ಸಿದ್ರೆ ಆಮೇಲೆ ಅವ್ರ ಮನೆಗೆ ಯಾರೂ ಬರಲ್ಲ ಅಜ್ಜೀ," ಎಂದು ತಟ್ಟೆ ಸರಿಸಿದಳು.

ಮುಯ್ಯಿಗೆ ಬೇಕಾದ್ದು ಕೈ. ಆ ಕೈಗೆ ಎಷ್ಟು ವಯಸ್ಸಾಗಿರಬೇಕೆಂದು ಯಾರೂ ಹೇಳಿಲ್ಲವಲ್ಲ! ಭಾನುವಾರ ಬೆಳಗ್ಗೆ ಆ ಮೂವರ ಬದಲಿಗೆ ಭಜನೆಯ ಗೆಳತಿಯರಿಬ್ಬರನ್ನು ಎಬ್ಬಿಸಿಕೊಂಡು ನಾನೇ ಹೊರಟೆ. ಕಾಲಿನಡಿ ಒತ್ತಿಟ್ಟುಕೊಂಡು ಸುಲಿಯುವ ಮೆಟ್ಟುಗತ್ತಿಗಳು ನಮ್ಮ ಚೀಲದಲ್ಲೇ ಇದ್ದವು. ಆ ಮನೆಯ ಯಜಮಾನಿ ಜಗಲಿಯಲ್ಲಿ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಲೇಜು ಹುಡುಗೀರು ಬರ್ತಾರೆ ಅಂದ್ರೆ ಇದೆಂತ, ಕೆಳದಿ ಮ್ಯೂಸಿಯಂ ಖಾಲಿ ಮಾಡ್ಕಂಡ್ ಬಂದ್ರಾ?"

"ಮ್ಯೂಸಿಯಂ ಕತ್ತಿ ಎಷ್ಟು ಹರಿತ ಅಂತ ಮುಟ್ಟಿ ನೋಡೇ," ಎಂದು ಅವಳ ಪಕ್ಕದಲ್ಲೇ ಕೂತೆ.

ಮೂವರು ಹುಡುಗಿಯರಷ್ಟು ಸುಲಿದೆವೆಂದು ಸುಳ್ಳು ಹೇಳಲಾರೆ. ಆದರೆ ಬಾಯಿ ಅವರಿಗಿಂತ ಹೆಚ್ಚು ಓಡಿತು. ಮಧ್ಯಾಹ್ನ ಫೋನು ಟಿಣ್ ಅಂದಿತು. ಐದು ಗೋಲು ತಿಂದು ಸೋತಿದ್ದರು. ಹಸಿ ಅಡಿಕೆಯ ಚೊಗರು ರಸ ಹತ್ತಿ ಕಪ್ಪಾದ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ 'ಎಷ್ಟು ಜನ ಆಡಿದ್ರಿ?' ಎಂದು ಕೇಳಿದೆ. 'ಹನ್ನೊಂದು' ಎಂದು ಬಂತು. ಅಲ್ಲೇ ಸಿಪ್ಪೆಯ ರಾಶಿಯ ನಡುವೆ ಚಪ್ಪಾಳೆ ತಟ್ಟಿದೆ.

"ಸೋಲಕ್ಕಾ ಇಷ್ಟೆಲ್ಲ ಮಾಡಿದ್ದು?" ಎಂದಳು ಯಜಮಾನಿ.

"ಹೌದು ಮಾರಾಯ್ತಿ, ಸೋಲಕ್ಕೇ! ಮನೇಲಿ ಕೂತಿದ್ರೆ ಅದಾದ್ರೂ ಆಗ್ತಿತ್ತಾ?"

ಸಂಜೆ ಮೊಮ್ಮಗಳು ಮೊಣಕಾಲು ತರಚಿಕೊಂಡು, ತಲೆಯೆತ್ತಿಕೊಂಡೇ ಬಂದಳು. ನಾನು ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದೆ.

"ಮುಂದಿನ ವರ್ಷ ಒಂದಾದ್ರೂ ಗೆಲ್ರೇ," ಅಂದೆ. "ನನ್ನ ಸೊಂಟ ಹೋಯ್ತು."

ಅವಳು ಬೂಟಿನ ದಾರ ಬಿಚ್ಚುತ್ತ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸೊಂಟ ಬೇಗ ಸರಿ ಮಾಡ್ಕೋ ಅಜ್ಜೀ. ತಂಡಕ್ಕೆ ಇನ್ನೂ ಇಬ್ರು ಸೇರ್ತಾರಂತೆ, ಅವ್ರ ಮನೇಲೂ ಅಡಿಕೆ ಇದೆ."