ಇಳದೈತಿ

ನಮ್ಮಣ್ಣ ನನ್ನ ಮಾತಿನಲ್ಲಿ ಅರ್ಧ ಮಾತ್ರ ಊರಿಗೆ ಒಯ್ದ. ಪೂರಾ ಸುಳ್ಳೇ ಹೇಳಿದ್ದರೆ ಇಷ್ಟೊತ್ತಿಗೆ ಕ್ಷಮಿಸಿರುತ್ತಿದ್ದೆನೇನೋ.

ಎಂಬತ್ತರ ದಶಕದ ನಡುವೆ ನಾನು ನವಲಗುಂದದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುತ್ತಿದ್ದೆ. ಒಂದು ಮೇಜು, ಒಂದು ಮೈಕ್ರೋಸ್ಕೋಪು, ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ನಿಂತ ಉದ್ದನೆಯ ಗಾಜಿನ ಟ್ಯೂಬುಗಳು. ಟ್ಯೂಬಿಗೆ ರಕ್ತ ಎಳೆದು ಒಂದು ತಾಸು ನೆಟ್ಟಗೆ ನಿಲ್ಲಿಸಬೇಕು. ಕೆಂಪು ಕೆಳಗೆ ಇಳಿಯುತ್ತದೆ, ಮೇಲೆ ಹಳದಿ ನೀರು ತಿಳಿಯಾಗಿ ಉಳಿಯುತ್ತದೆ. ಕೆಂಪು ಹೆಚ್ಚು ಇಳಿದಷ್ಟೂ ಮೈಯೊಳಗಿನ ಬೇನೆ ಜೋರು. ಇದನ್ನು ನಮ್ಮ ಮಂದಿಗೆ ತಿಳಿಸಿ ಹೇಳುವುದೇ ತ್ರಾಸು. ಜ್ವರ ಇಳಿದರೆ ಒಳ್ಳೆಯದು, ಬಾವು ಇಳಿದರೆ ಒಳ್ಳೆಯದು, ರಕ್ತ ಇಳಿದರೆ ಮಾತ್ರ ಕೆಟ್ಟದ್ದು ಅಂದರೆ ಯಾರು ನಂಬಬೇಕು? ಅದಕ್ಕೇ ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತಿದ್ದೆ.

ಆ ವರ್ಷ ಕಡಲೆ ಸುಗ್ಗಿಯ ಹೊತ್ತಿಗೆ ನನ್ನ ತವರು ಮೊರಬದಲ್ಲಿ ಮನೆಮನೆಗೂ ಜ್ವರ, ಕೆಮ್ಮು. ಇದು ವೈರಸ್ಸಿನ ಜ್ವರ, ಬಹಳ ಮಂದಿಗೆ ತಾನಾಗಿ ಹೋಗುತ್ತದೆ ಎನ್ನುತ್ತಿದ್ದರು ನಮ್ಮ ಡಾಕ್ಟರು. ಯಾರಿಗೆ ಹೋಗುವುದಿಲ್ಲ ಎಂದು ಮೊದಲೇ ಊಹಿಸಲು ಅವರ ಹತ್ತಿರ ಇದ್ದದ್ದು ಸ್ಟೆತೊಸ್ಕೋಪು ಮತ್ತು ನನ್ನ ಟ್ಯೂಬು, ಇಷ್ಟೇ.

ಅಣ್ಣ ಜ್ವರ ಬಿಡದ ಅವ್ವನನ್ನು ಬೆಳಗಿನ ಬಸ್ಸಿಗೆ ಕರೆತಂದ. ರಕ್ತ ನಾನೇ ತೆಗೆದೆ. ನನ್ನ ಮಗಳ ಕೈ ಅಗದಿ ಹಗುರ ಎಂದು ಅವ್ವ ಬಾಜು ಕೂತವಳಿಗೆ ಹೇಳಿಕೊಂಡಳು. ಆಕೆಗೆ ಬಹಳ ಹೊತ್ತು ಕೂಡಲು ಆಗಲಿಲ್ಲ. ಊರಿನ ಹೆಂಗಸೊಬ್ಬಳ ಜೊತೆ ಮುಂದಿನ ಬಸ್ಸಿಗೆ ತಿರುಗಿ ಹೋದಳು. ಅಣ್ಣ ರಿಪೋರ್ಟಿಗಾಗಿ ಉಳಿದ. ತಾಸಿನ ಮೇಲೆ ನೋಡಿದರೆ ಕೆಂಪು ಅರ್ಧ ಟ್ಯೂಬಿಗಿಂತ ಕೆಳಗಿತ್ತು; ಹಾಗೇ ಒಯ್ದು ಡಾಕ್ಟರಿಗೆ ತೋರಿಸಿದೆ. ಅವರು ಬೆಳಿಗ್ಗೆ ಅವ್ವನ ಎದೆಯಲ್ಲಿ ಕೇಳಿದ ಸದ್ದಿಗೂ ಅದಕ್ಕೂ ತಾಳೆ ಹಾಕಿ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಬೇಕೆಂದು ನನಗೆ ಹೇಳಿದರು.

"ಅವ್ವನ ರಕ್ತ ಭಾಳ ಇಳದೈತಿ ಅಣ್ಣಾ," ಎಂದೆ. "ಇಳದೈತಿ ಅಂದ್ರ ಜಡ್ಡು ಏರೈತಿ ಅಂತ. ನಾಳೆ ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಕರಕೊಂಡು ಹೋಗು."

ಎರಡನೇ ಸಲವೂ ಹೇಳಿದೆ. ತಿಳಿಯಿತೇ ಎಂದು ಕೇಳಿದ್ದಕ್ಕೆ, ಏರೈತಿ ಅಂತ ತಿಳೀತು ಎಂದು ತನ್ನ ಬಾಯಿಂದಲೇ ಅಂದ. ನಾನು ನಂಬಿ ಕೆಲಸಕ್ಕೆ ಕೂತೆ.

ನಾಲ್ಕನೆಯ ದಿನ ಮೊರಬದ ಒಬ್ಬ ಮುದುಕ ಕೆಮ್ಮುತ್ತ ದವಾಖಾನೆಗೆ ಬಂದ. ನಿಮ್ಮವ್ವ ಮನೆಯಲ್ಲೇ ಮಲಗಿದ್ದಾಳೆ, ಉಸಿರಿಗೆ ಒದ್ದಾಡುತ್ತಿದ್ದಾಳೆ, ನೀನೇ ಇಳದೈತಿ ಅಂದೆಯಂತಲ್ಲ ಎಂದ. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಅಣ್ಣ ಕಣದಲ್ಲಿದ್ದ. ಕಡಲೆ ಒಕ್ಕುವ ರಾಶಿ ನಡೆದಿತ್ತು. ಊರಿಗೆಲ್ಲ ಒಂದೇ ಟ್ರ್ಯಾಕ್ಟರು, ನಮ್ಮ ಪಾಳಿ ತಪ್ಪಿದರೆ ಮತ್ತೆ ಎಂಟು ದಿನ ಕಾಯಬೇಕು. ಯಾಕೆ ಒಯ್ಯಲಿಲ್ಲ ಎಂದು ಕೇಳಿದೆ. ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ನೀನ ಇಳದೈತಿ ಅಂದಿಯಲ್ಲವಾ," ಎಂದ, ನೆಲ ನೋಡುತ್ತ.

ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಏನೆಂದು ಆ ಕಣದಲ್ಲಿ ಕಂಡೆ. ರಾಶಿ ಮುಗಿಸಿ ಒಯ್ದರಾಯಿತು ಅಂದುಕೊಂಡಿದ್ದನೇನೋ. ಹಾಗೇ ಹೇಳಬಹುದಿತ್ತು. ತನ್ನ ಕಡಲೆ ಕಾಯಲು ನನ್ನ ಬಾಯಿಯ ಮಾತೇ ಬೇಕಾಗಿತ್ತೇ?

ಒಂದು ಜೀಪು ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು. ಅಣ್ಣ ಮುಂದೆ ಡ್ರೈವರನ ಬಾಜು ಕೂತ. ಹಿಂದೆ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು.

"ನೀ ಇಳದೈತಿ ಅಂದಿ ಅಂತ ಕೇಳಿ ಧೈರ್ಯ ಬಂತವಾ," ಎಂದಳು ತಡೆತಡೆದು. "ಅದಕ್ಕ ಸುಮ್ಮನ ಮಲಗಿದ್ನಿ."

ಅಣ್ಣ ಕೇಳಿಸಿಕೊಂಡ. ತಿರುಗಿ ನೋಡಲಿಲ್ಲ. ಈಗಾದರೂ ಬಾಯಿ ಬಿಡುತ್ತಾನೆಂದು ಅವನ ಬೆನ್ನನ್ನೇ ನೋಡುತ್ತ ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ನಿಜ ಹೇಳಿದ್ದರೆ ಆ ಸ್ಥಿತಿಯಲ್ಲಿ ಅವ್ವ ಮಗನನ್ನು ಕಳೆದುಕೊಳ್ಳುತ್ತಿದ್ದಳು.

"ನೋಡೂದ್ರಾಗ ನಂದ ತಪ್ಪಾತವ್ವಾ," ಎಂದೆ.

ಇರಲಿ ಬಿಡು ಎನ್ನುವಂತೆ ಅವ್ವ ನನ್ನ ಕೈ ತಟ್ಟಿದಳು. ಹುಬ್ಬಳ್ಳಿಗೆ ಸೇರಿಸಿದ ಮೂರನೆಯ ದಿನ ತೀರಿಹೋದಳು. ಮೊರಬದಲ್ಲಿ ಇವತ್ತಿಗೂ ನಾನು ಹೆತ್ತವ್ವನ ರಕ್ತ ತಪ್ಪು ನೋಡಿದ ಮಗಳು. ಅಣ್ಣ ಅದನ್ನು ಅಲ್ಲ ಎಂದು ಯಾರಿಗೂ ಹೇಳಿಲ್ಲ.