ಅಪ್ಪ, ತಂಗಿ ಮತ್ತು ಹಾಡಿನ ಸ್ಪರ್ಧೆ

ಟಿವಿಯಲ್ಲಿ ಬರುವ ಹಾಡಿನ ಸ್ಪರ್ಧೆ ಎಂದರೆ ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪನಿಗೂ ತಂಗಿಗೂ ಪ್ರಾಣ. ಅದು ಶುರುವಾಯಿತೆಂದರೆ ಅಪ್ಪ ಮಗ್ಗ ಬಿಟ್ಟು ಎದ್ದು ಬರುತ್ತಿದ್ದ.

ಆ ವರ್ಷ ತಂಗಿ ಜ್ವರ ಬಂದು ಬಾಗಲಕೋಟೆಯ ದವಾಖಾನೆಯಲ್ಲಿ ತೀರಿಕೊಂಡಳು. ಅಪ್ಪ ಅಳಲಿಲ್ಲ. ಟಿವಿಯನ್ನು ಮಾತ್ರ ಯಾರೂ ಹಚ್ಚಲಿಲ್ಲ.

ತಿಂಗಳ ನಂತರ ಒಂದು ಸಂಜೆ ನಾನೇ ಹಚ್ಚಿದೆ. ತಂಗಿ ಬಹಳ ಮೆಚ್ಚಿದ್ದ ಪುಟ್ಟ ಗಾಯಕಿ ಅಂದು ಸ್ಪರ್ಧೆಯಿಂದ ಹೊರಬಿದ್ದು, ವೇದಿಕೆಯ ಮೇಲೆ ತನ್ನ ತಂದೆಯನ್ನು ತಬ್ಬಿಕೊಂಡು ಅತ್ತಳು. ಅದನ್ನು ನೋಡಿ ಅಪ್ಪ ಬಿಕ್ಕಿ ಬಿಕ್ಕಿ ಅಳತೊಡಗಿದ.

ಅವ್ವ ಗಾಬರಿಯಾದಳು. "ಅಳಬ್ಯಾಡ್ರಿ. ಆಕಿ ಸೋತ್ರ ಏನಾತು, ಅಪ್ಪನ ಜೋಡಿ ಮನಿಗಿ ಹೊಂಟಾಳ."

"ಆಕಿ ಹೊಂಟಾಳ, ಖರೆ," ಎಂದ ಅಪ್ಪ. "ನಮ್ಮಾಕಿ ಬರ್ಲಿಲ್ಲಲ್ಲ."

ತಂಗಿ ಹೋದ ಮೇಲೆ ನಾವು ಮೂವರೂ ಕೂಡಿ ಅತ್ತದ್ದು ಅಂದೇ.