ಸುರುಳಿ ಕಾಣದ ಫೋಟೋ

ರಾಗಿ ಕೊಯ್ದ ಹೊಲದಲ್ಲಿ ಅವರೆಯ ಸೊಗಡು ಉಳಿದಿರುತ್ತಿದ್ದ ಆ ಚಳಿಗಾಲಗಳಲ್ಲಿ ಕುಂದಾಣದ ನಮ್ಮ ಮನೆಗೆ ಒಲೆ ಒಂದೇ ಇತ್ತು. ಅಪ್ಪ ಬೇಸಾಯ ನೋಡಿಕೊಳ್ಳುತ್ತಿದ್ದರು. ಅವರ ತಮ್ಮ, ನನ್ನ ಚಿಕ್ಕಪ್ಪ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು.

ಒಂದು ವರ್ಷ ಚಿಕ್ಕಪ್ಪ ಗೆಳೆಯನ ಕ್ಯಾಮೆರಾ ತಂದರು. ಕೀಲು ಹಾಕಿ ಜೋಡಿಸಿದ ಎರಡು ಹಲಗೆಗಳಿಗೆ ಅದನ್ನು ಬಿಗಿದು, ಮೂರು ಕಾಲಿನ ಸ್ಟ್ಯಾಂಡಿನ ಮೇಲಿರಿಸಿ, ಮುಸ್ಸಂಜೆ ಕಳೆದೊಡನೆ ಹೊಲದಲ್ಲಿ ಕೂರುತ್ತಿದ್ದರು. ದಿನವೂ ಅದೇ ಜಾಗ ಸಿಗಲೆಂದು ಒಂದು ಗೂಟ ನೆಟ್ಟಿದ್ದರು. ನಕ್ಷತ್ರಗಳು ಸರಿದಂತೆ ಕ್ಯಾಮೆರಾವೂ ಸರಿಯಬೇಕಾದ್ದರಿಂದ ಹಲಗೆಯ ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದರು.

"ಆಂಡ್ರೊಮಿಡಾ ಗೆಲಾಕ್ಸಿ ಕಣಮ್ಮ. ಚಕ್ಕುಲಿ ಥರ ಸುರುಳಿ ಸುತ್ಕೊಂಡಿದೆ," ಎಂದಿದ್ದರು ನನಗೆ.

ಅಪ್ಪನಿಗೆ ಗೂಟವೊಂದೇ ಕಂಡಿತು. "ನೋಡ್ದೇನೇ, ಗೂಟ ಹೊಡ್ದವ್ನೆ. ಸರ್ವೆಯವ್ರೂ ಹಿಂಗೇ ಮೂರು ಕಾಲು ಊರೋದು. ಪಾಲಿಗೆ ಅಳತೆ ಇದು."

ಅಮ್ಮ ನಕ್ಕರು. "ಕತ್ತಲಲ್ಲಿ ಯಾರ್ರೀ ಜಮೀನು ಅಳೀತಾರೆ?"

"ಕದ್ದು ಅಳೆಯೋರು ಹಗಲಲ್ಲಿ ಬರ್ತಾರಾ?"

ಆ ಮಾತು ಕಿವಿಗೆ ಬಿದ್ದ ಮೇಲೆ ನನಗೂ ಚಿಕ್ಕಪ್ಪ ಬದುವಿನ ಮೇಲೆ ನಡೆದರೆ ಹೆಜ್ಜೆ ಎಣಿಸುತ್ತಿರುವಂತೆಯೇ ತೋರತೊಡಗಿತು.

ಒಂದು ಸಂಜೆ ಅಪ್ಪ ಬ್ಯಾಟರಿ ಹಿಡಿದು ನೇರ ಹೊಲಕ್ಕೇ ನಡೆದರು. ಹಿಂದೆ ನಾನು.

"ಏನೋ ಮಾಡ್ತಿದೀಯಾ?"

"ಅಯ್ಯೋ, ಬ್ಯಾಟ್ರಿ ಆರಿಸಣ್ಣ, ಫೋಟೋ ಕೆಟ್ಟೋಗುತ್ತೆ!"

ಬೆಳಕು ಬೇಡವೆಂದದ್ದೇ ಅಪ್ಪನಿಗೆ ಸಾಕ್ಷಿಯಾಯಿತು.

ರೀಲು ತೊಳೆಸಿ ತಂದಾಗ ಒಂದೇ ಫೋಟೋ ಸರಿಯಾಗಿ ಬಂದಿತ್ತು: ಕಪ್ಪಿನ ನಡುವೆ ಉದ್ದನೆಯ ಒಂದು ಬಿಳಿ ಮಸುಕು. ಅಪ್ಪ ಅದನ್ನು ಬಲ್ಬಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ಚಕ್ಕುಲಿ ಅಂದೆ. ಇದು ಅದುಮಿದ ಮುದ್ದೆ ಕಣೋ."

"ಈ ಲೆನ್ಸಲ್ಲಿ ಕಾಣೋದು ಅಷ್ಟೇ ಅಣ್ಣ. ಸುರುಳಿ ಇರೋದು ನಿಜ."

"ಕಾಣದ್ದನ್ನೂ ನಂಬು ಅಂತೀಯಾ?"

ಚಿಕ್ಕಪ್ಪ ಫೋಟೋ ತೆಗೆದುಕೊಂಡು ಒಳಗೆ ಹೋದರು.

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಮುನ್ನವೇ ಅಪ್ಪ ಊರ ಹಿರಿಯರನ್ನು ಪಾಲಿಗೆ ಕರೆಸಿದರು.

"ನಾನು ಕೇಳ್ಲೇ ಇಲ್ವಲ್ಲಣ್ಣ," ಎಂದರು ಚಿಕ್ಕಪ್ಪ.

"ಕೇಳೋಕೆ ಮುಂಚೆ ಕೊಡ್ತಿದೀನಿ, ಇಸ್ಕೋ."

ಸರಪಣಿ ಹಿಡಿದು ಜಮೀನು ಅಳೆದ ದಿನ ಚಿಕ್ಕಪ್ಪ ಕೆಲಸಕ್ಕೆ ಹೋಗಿಬಿಟ್ಟರು. ಸಂಜೆ ಅವರು ಹಿಂದಿರುಗುವಷ್ಟರಲ್ಲಿ ಹೊಲದ ನಡುವೆ ಬದು ಎದ್ದಿತ್ತು.

ಈಗಲೂ ಚಳಿಗಾಲದಲ್ಲಿ ಊರಿಗೆ ಹೋದಾಗ ಆಕಾಶದಲ್ಲಿ ಆ ಮಸುಕನ್ನು ಹುಡುಕುತ್ತೇನೆ. ಬದುವಿನ ಆಚೆಯವರು ಈಚೆಯವರ ಮೇಲೆ, ಈಚೆಯವರು ಆಚೆಯವರ ಮೇಲೆ ಕಣ್ಣಿಡಲೆಂದು ಎರಡೂ ಕಡೆ ಕಂಬ ನೆಟ್ಟು ದೀಪ ಹಾಕಿಸಿದ್ದಾರೆ. ಯಾರು ಗಡಿ ದಾಟಿದರೂ ಕಾಣಿಸುತ್ತದೆ. ತಲೆಯೆತ್ತಿದರೆ ಮಾತ್ರ ಏನೂ ಕಾಣಿಸುವುದಿಲ್ಲ.